ಬೇಲಿಯ ಗಿಡದಿಂದ ಮಿದುಳಿನವರೆಗೆ

ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಗಾದೆ ಆಡುಸೋಗೆಯ ಮುಂದೆ ಸೋಲುತ್ತದೆ. ಹೊಲದ ಬದುವಿನಲ್ಲಿ, ತೋಟದ ಬೇಲಿಯಲ್ಲಿ ಎದೆಯೆತ್ತರ ಬೆಳೆದ ಈ ಗಿಡವನ್ನು ಆಡು ಮೂಸಿ ನೋಡಿ ಮುಂದೆ ಹೋಗುತ್ತದೆ. ಎಲೆ ಕಡು ಹಸಿರು, ಅಂಗೈಗಿಂತ ಉದ್ದ. ಹಿಸುಕಿದರೆ ಘಾಟು, ನಾಲಿಗೆಗಿಟ್ಟರೆ ಗಂಟಲಿನವರೆಗೆ ಇಳಿಯುವ ಕಹಿ. ತೆನೆಯಾಗಿ ಬಿಡುವ ಬಿಳಿ ಹೂಗಳ ಕೆಳದುಟಿಯ ಮೇಲೆ ನೇರಳೆ ಗೀರುಗಳು. ಕೆಮ್ಮು ಹತ್ತಿತೆಂದರೆ ಎಲೆ ಬಾಡಿಸಿ, ಹಿಂಡಿ, ರಸಕ್ಕೆ ಜೇನು ಬೆರೆಸಿ ಕುಡಿಸುವುದು ನಮ್ಮ ಅಜ್ಜಿಯರ ಕಾಲದಿಂದ ಬಂದ ಮದ್ದು.

ಆ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ರಾಸಾಯನಿಕವನ್ನು ಮಾದರಿಯಾಗಿಟ್ಟುಕೊಂಡು ಕಳೆದ ಶತಮಾನದಲ್ಲಿ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧಿ ತಯಾರಾಯಿತು. ಅದು ದೇಹದೊಳಗೆ ಮಾರ್ಪಟ್ಟಾಗ ಹುಟ್ಟುವುದು ಆಂಬ್ರಾಕ್ಸಾಲ್. 1970ರ ದಶಕದ ಕೊನೆಗೆ ಅದೇ ಒಂದು ಔಷಧಿಯಾಗಿ ಮಾರುಕಟ್ಟೆಗೆ ಬಂತು. ಇವತ್ತು ನಮ್ಮ ಯಾವ ಮೆಡಿಕಲ್ ಶಾಪಿನಲ್ಲಾದರೂ ಕೆಮ್ಮಿನ ಸಿರಪ್ಪಿನ ಪೆಟ್ಟಿಗೆ ತಿರುಗಿಸಿ ನೋಡಿ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಆ ಹೆಸರು ಸಿಗುವ ಸಾಧ್ಯತೆ ಹೆಚ್ಚು. ಅದೇ ಆಂಬ್ರಾಕ್ಸಾಲ್ ಈಗ ಬ್ರಿಟನ್ನಿನಲ್ಲಿ ಪಾರ್ಕಿನ್ಸನ್ ಕಾಯಿಲೆಯ ಓಟವನ್ನು ನಿಧಾನಗೊಳಿಸಬಲ್ಲುದೇ ಎಂಬ ಪರೀಕ್ಷೆಗೆ ಒಳಗಾಗಿದೆ.

ಆ ಓಟವನ್ನು ಅಳೆಯುವ ಕೋಣೆಯಲ್ಲಿ ದೊಡ್ಡ ಯಂತ್ರಗಳೇನೂ ಬೇಕಿಲ್ಲ. ಒಂದು ಕುರ್ಚಿ, ನಡೆದಾಡಲು ಒಂದಿಷ್ಟು ಜಾಗ, ಎದುರಿಗೆ ಅಂಕಪಟ್ಟಿ ಹಿಡಿದ ವೈದ್ಯರು. ಅನೇಕ ಪ್ರಯೋಗಗಳಲ್ಲಿ ರೋಗಿ ಹಿಂದಿನ ರಾತ್ರಿಯಿಂದ ಮಾತ್ರೆ ನುಂಗದೆ ಬಂದಿರುತ್ತಾರೆ. ಔಷಧಿಯ ಮರೆ ಇಲ್ಲದೆ ಕಾಯಿಲೆ ಎಷ್ಟಿದೆಯೋ ಅಷ್ಟು ಕಾಣಬೇಕು. "ಹೆಬ್ಬೆರಳಿಗೆ ತೋರುಬೆರಳು ಬಡಿಯಿರಿ. ಆದಷ್ಟು ಅಗಲವಾಗಿ, ಆದಷ್ಟು ಬೇಗ, ಹತ್ತು ಸಲ." ಮೊದಲೆರಡು ಬಡಿತ ಚೆನ್ನಾಗಿಯೇ ಬೀಳುತ್ತವೆ. ಮೂರನೆಯದರ ಹೊತ್ತಿಗೆ ಬೆರಳುಗಳ ನಡುವಿನ ಅಂತರ ಕಿರಿದಾಗುತ್ತದೆ. ಆರನೆಯದಕ್ಕೆ ಬೆರಳು ಗಾಳಿಯಲ್ಲೇ ತಡೆದು ನಿಲ್ಲುತ್ತದೆ. ಸುಮ್ಮನೆ ತೊಡೆಯ ಮೇಲಿದ್ದ ಇನ್ನೊಂದು ಕೈ ನಡುಗುತ್ತಲೇ ಇರುತ್ತದೆ. ಆಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳಬೇಕು, ಹತ್ತು ಮೀಟರ್ ನಡೆದು ತಿರುಗಬೇಕು. ವೈದ್ಯರು ಹಿಂದೆ ನಿಂತು ಭುಜ ಹಿಡಿದು ಎಳೆದಾಗ ಬೀಳದೆ ನಿಲ್ಲಬೇಕು. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಅಂಕ ಹೆಚ್ಚಿದಷ್ಟೂ ಕಾಯಿಲೆ ಮುಂದೆ ಹೋಗಿದೆ ಎಂದರ್ಥ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ನಡುಕವನ್ನು ವಿವರಿಸಿ ಬರೆದದ್ದು 1817ರಲ್ಲಿ. ಮಿದುಳಿನ ತಳಭಾಗದ ಒಂದು ಕಪ್ಪು ಪಟ್ಟೆಯಲ್ಲಿ ಡೋಪಮೀನ್ ತಯಾರಿಸುವ ನರಕೋಶಗಳು ಸಾಯುತ್ತವೆ ಎಂಬುದು ತಿಳಿದದ್ದು ಬಹಳ ತಡವಾಗಿ. 1960ರ ದಶಕದಲ್ಲಿ ಬಂದ ಲಿವೊಡೋಪ ಡೋಪಮೀನಿನ ಕೊರತೆ ತುಂಬಿ ಎಷ್ಟೋ ಜನರನ್ನು ಎದ್ದು ನಡೆಯುವಂತೆ ಮಾಡಿತು. ಆದರೆ ಕೋಶಗಳ ಸಾವನ್ನು ಅದು ತಡೆಯುವುದಿಲ್ಲ. ತಡೆಯುತ್ತದೆಂದು ಸಾಬೀತಾದ ಔಷಧಿ ಇವತ್ತಿಗೂ ಒಂದೂ ಇಲ್ಲ. ಹೊಸದನ್ನು ಸೊನ್ನೆಯಿಂದ ಕಟ್ಟಲು ಹತ್ತಾರು ವರ್ಷ ಹಿಡಿಯುತ್ತದೆ. ಅದಕ್ಕೇ ವಿಜ್ಞಾನಿಗಳು ಈಗಾಗಲೇ ಬಳಕೆಯಲ್ಲಿರುವ, ಗುಣದೋಷ ಗೊತ್ತಿರುವ ಔಷಧಿಗಳ ಕಡೆ ತಿರುಗಿದ್ದಾರೆ.

ಆಂಬ್ರಾಕ್ಸಾಲಿಗೆ ದಾರಿ ತೋರಿಸಿದ್ದು ಗೋಶೆ ಎಂಬ ಅಪರೂಪದ ಆನುವಂಶಿಕ ಕಾಯಿಲೆ. ನಮ್ಮ ಪ್ರತಿ ಜೀವಕೋಶದಲ್ಲೂ ಲೈಸೊಸೋಮ್ ಎಂಬ ಸಣ್ಣ ಚೀಲಗಳಿವೆ. ಹಿತ್ತಲ ತಿಪ್ಪೆಯಲ್ಲಿ ಕಸ ಗೊಬ್ಬರವಾಗುವಂತೆ, ಕೋಶದ ಹಳೆಯ ಸಾಮಗ್ರಿ ಅಲ್ಲಿ ಕರಗಿ ಮರುಬಳಕೆಗೆ ಬರುತ್ತದೆ. ಕರಗಿಸುವ ಕಿಣ್ವಗಳಲ್ಲಿ ಒಂದಾದ ಜಿಕೇಸನ್ನು ರೂಪಿಸುವುದು ಜಿಬಿಎ1 ಜೀನ್. ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಗೋಶೆ ಕಾಯಿಲೆ. ಒಂದೇ ಕೆಟ್ಟ ಪ್ರತಿ ಇದ್ದವರಲ್ಲಿ ಪಾರ್ಕಿನ್ಸನ್ ಹೆಚ್ಚು ಎಂಬುದನ್ನು ಅಮೆರಿಕದ ಎಲೆನ್ ಸಿಡ್ರಾನ್‌ಸ್ಕಿ ಮತ್ತು ಹಲವು ದೇಶಗಳ ಸಂಶೋಧಕರು 2009ರಲ್ಲಿ ದೊಡ್ಡ ಅಧ್ಯಯನದಿಂದ ತೋರಿಸಿಕೊಟ್ಟರು. ಅದೇ ವರ್ಷ ಕೆನಡಾದ ವಿಜ್ಞಾನಿಗಳು ಸುಮಾರು ಸಾವಿರ ಹಳೆಯ ಔಷಧಿಗಳನ್ನು ಒಂದೊಂದಾಗಿ ಈ ಕಿಣ್ವದ ಜೊತೆ ಬೆರೆಸಿ ನೋಡಿದಾಗ ಆಂಬ್ರಾಕ್ಸಾಲ್ ಎದ್ದು ಕಂಡಿತು. ಸರಿಯಾಗಿ ಮಡಚಿಕೊಳ್ಳದ ಕಿಣ್ವಕ್ಕೆ ಅದು ಅಂಟಿಕೊಂಡು ಆಕಾರ ಕೊಡುತ್ತದೆ. ಲೈಸೊಸೋಮಿನ ಆಮ್ಲದೊಳಗೆ ಹೊಕ್ಕೊಡನೆ ಬಿಟ್ಟು ಸರಿಯುತ್ತದೆ. ಕಿಣ್ವ ತನ್ನ ಕೆಲಸಕ್ಕೆ ತೊಡಗುತ್ತದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಆಂಥೊನಿ ಶಪೀರಾ ಅವರ ತಂಡ 17 ಪಾರ್ಕಿನ್ಸನ್ ರೋಗಿಗಳಿಗೆ ಆಂಬ್ರಾಕ್ಸಾಲ್ ಕೊಟ್ಟು, ಬೆನ್ನುಮೂಳೆಯಿಂದ ದ್ರವ ತೆಗೆದು ಪರೀಕ್ಷಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿತು. ಔಷಧಿ ಮಿದುಳನ್ನು ತಲುಪಿತ್ತು, ದ್ರವದಲ್ಲಿ ಕಿಣ್ವದ ಪ್ರಮಾಣ ಏರಿತ್ತು. ಈಗ ನಡೆಯುತ್ತಿರುವುದು 330 ಮಂದಿಯ ಎರಡು ವರ್ಷದ ಪ್ರಯೋಗ. ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಹುಸಿ ಮಾತ್ರೆ. ಯಾರಿಗೆ ಯಾವುದೆಂದು ನುಂಗುವವರಿಗೂ ಗೊತ್ತಿಲ್ಲ, ಅಂಕ ಹಾಕುವವರಿಗೂ ಗೊತ್ತಿಲ್ಲ. ಹುಸಿ ಮಾತ್ರೆಯೇ ತನ್ನ ಪಾಲಿಗೆ ಬಂದಿರಬಹುದೆಂದು ತಿಳಿದೂ ದಿನ ತಪ್ಪದೆ ನುಂಗುವ ರೋಗಿಯ ಧೈರ್ಯ ದೊಡ್ಡದು. ಅವರಿಂದಲೇ ನಮಗೆ ಸತ್ಯ ಗೊತ್ತಾಗುವುದು.

ಇಷ್ಟು ಕಟ್ಟುನಿಟ್ಟು ಯಾಕೆ ಬೇಕು ಎಂಬುದಕ್ಕೆ ಎಕ್ಸೆನಟೈಡ್ ಸಾಕ್ಷಿ. ಅಮೆರಿಕದ ಮರುಭೂಮಿಯ ಹೀಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಿಂದ ಸುಳಿವು ಸಿಕ್ಕು ಬಂದ ಸಕ್ಕರೆ ಕಾಯಿಲೆಯ ಚುಚ್ಚುಮದ್ದು ಅದು. 62 ಪಾರ್ಕಿನ್ಸನ್ ರೋಗಿಗಳ ಪ್ರಯೋಗದಲ್ಲಿ ಅಂಕಗಳು ಸುಧಾರಿಸಿದಾಗ, 2017ರಲ್ಲಿ ಜಗತ್ತಿನಾದ್ಯಂತ ಆಸೆ ಚಿಗುರಿತು. 194 ಮಂದಿಯ ಮೇಲೆ ಸುಮಾರು ಎರಡು ವರ್ಷ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಬಂದಾಗ ಹುಸಿಮದ್ದಿಗೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

ಹಾಗಾಗಿ ಈ ಸುದ್ದಿ ಓದಿ ಯಾರೂ ಸಿರಪ್ ಬಾಟಲಿಗೆ ಕೈ ಹಾಕಬಾರದು. ಕೆಮ್ಮಿಗೆ ಕೊಡುವುದು ಸಾಮಾನ್ಯವಾಗಿ ದಿನಕ್ಕೆ 90 ಮಿಲಿಗ್ರಾಂ. 17 ಮಂದಿಗೆ ಕೊಟ್ಟದ್ದು ದಿನಕ್ಕೆ 1,260 ಮಿಲಿಗ್ರಾಂ, ಅಂದರೆ 14 ಪಟ್ಟು, ಅದೂ ವೈದ್ಯರ ಕಣ್ಣೆದುರಿನಲ್ಲಿ. ನಮ್ಮ ಎಷ್ಟೋ ಸಿರಪ್ಪುಗಳಲ್ಲಿ ಆಂಬ್ರಾಕ್ಸಾಲಿನ ಜೊತೆ ಉಸಿರಾಟ ಸರಾಗಗೊಳಿಸುವ ಸಾಲ್ಬುಟಮಾಲ್ ಅಥವಾ ಅದರ ಬಳಗದ ಔಷಧಿಯೂ ಬೆರೆತಿರುತ್ತದೆ. ಅದು ಎದೆಬಡಿತ ಏರಿಸುತ್ತದೆ, ಕೈ ನಡುಕ ತರಿಸುತ್ತದೆ. ನಡುಗುವ ಕೈಗೆ ಅದು ಇನ್ನೊಂದು ನಡುಕ.

ಹಳೆಯ ಔಷಧಿಯ ಪೇಟೆಂಟ್ ಮುಗಿದಿರುವುದರಿಂದ ಅದನ್ನು ಪರೀಕ್ಷಿಸಲು ಹಣ ಸುರಿಯುವ ಕಂಪನಿಗಳು ವಿರಳ. ಆ ಜಾಗದಲ್ಲಿ ನಿಂತದ್ದು ರೋಗಿಗಳು. ಬ್ರಿಟನ್ನಿನ ಕ್ಯೂರ್ ಪಾರ್ಕಿನ್ಸನ್ಸ್ ಸಂಸ್ಥೆಯನ್ನು 2005ರಲ್ಲಿ ಕಟ್ಟಿದವರು ಪಾರ್ಕಿನ್ಸನ್ ಇದ್ದ ನಾಲ್ವರು. ಆಂಬ್ರಾಕ್ಸಾಲ್ ಪ್ರಯೋಗದ ಬೆನ್ನಿಗೆ ಆ ಸಂಸ್ಥೆಯಿದೆ. ಅದೇ ದೇಶದ ಇನ್ನೊಂದು ದೊಡ್ಡ ಪ್ರಯೋಗ ಆರಿಸಿಕೊಂಡಿರುವುದು ರಕ್ತದೊತ್ತಡದ ಟೆಲ್ಮಿಸಾರ್ಟಾನನ್ನು, ಪ್ರಾಸ್ಟೇಟ್ ತೊಂದರೆಗೆ ಕೊಡುವ ಟೆರಾಜೋಸಿನನ್ನು. ಟೆಲ್ಮಿಸಾರ್ಟಾನ್ ನಮ್ಮ ಎಷ್ಟೋ ಮನೆಗಳಲ್ಲಿ ಬೆಳಗಿನ ಕಾಫಿಯ ಜೊತೆಗಿರುವ ಮಾತ್ರೆ. ಇವು ನಮ್ಮ ದೇಶದ ಕಾರ್ಖಾನೆಗಳಲ್ಲೇ ತಯಾರಾಗುತ್ತವೆ, ನಮಗೆ ಎಟಕುವ ಬೆಲೆಗೆ ಸಿಗುತ್ತವೆ. ಆದರೆ ಜೀನಿನ ದೋಷಗಳು ಜನಸಮುದಾಯದಿಂದ ಜನಸಮುದಾಯಕ್ಕೆ ಬೇರೆ. ಲಂಡನ್ನಿನ ಉತ್ತರ ಮಂಡ್ಯದ ರೋಗಿಗೂ ಹೊಂದುತ್ತದೆಯೇ ಎಂದು ಇಲ್ಲಿನ ಪರೀಕ್ಷೆಯಷ್ಟೇ ಹೇಳಬಲ್ಲದು. ಸರ್ಕಾರ ಹಣ ಕೊಡಬೇಕು, ಆಸ್ಪತ್ರೆಗಳು ಮುಂದೆ ಬರಬೇಕು, ನಮ್ಮ ರೋಗಿಗಳ ಹೆಸರೂ ಆ ಅಂಕಪಟ್ಟಿಗಳಲ್ಲಿ ಸೇರಬೇಕು. ಮಾತ್ರೆ ತಯಾರಿಸುವ ದೇಶಕ್ಕೆ ಅದರ ಹೊಸ ಗುಣವನ್ನು ಪರೀಕ್ಷಿಸುವ ಹೊಣೆಯೂ ಇದೆ.