ಕರುಳಿನ ಉರಿಯೂತಕ್ಕೆ ನರದ ಮೂಲಕ ಚಿಕಿತ್ಸೆ: ಆಸೆ ಎಷ್ಟು, ಎಚ್ಚರ ಎಷ್ಟು?

ನಿಮ್ಮ ಮನೆಯಲ್ಲಿ ಯಾರಾದರೂ ವಾರಗಟ್ಟಲೆ ಭೇದಿಯಿಂದ ಬಳಲುತ್ತಿದ್ದಾರೆಯೇ? ಮಲದಲ್ಲಿ ರಕ್ತ, ಲೋಳೆ ಕಾಣಿಸುತ್ತಿದೆಯೇ? ಹೊಟ್ಟೆನೋವು, ಸುಸ್ತು ಇದ್ದು ತೂಕ ಇಳಿಯುತ್ತಿದೆಯೇ? ಹಾಗಿದ್ದರೆ 'ಮೂಲವ್ಯಾಧಿ ಇರಬೇಕು', 'ಉಷ್ಣವಾಗಿರಬೇಕು' ಎಂದು ಸುಮ್ಮನಿರಬೇಡಿ. ನಾಚಿಕೆಯಿಂದ ಈ ವಿಷಯವನ್ನು ತಾಯಿಯ ಬಳಿಯೂ ಹೇಳದ ಹೆಣ್ಣುಮಕ್ಕಳಿದ್ದಾರೆ. ಮದುವೆಯ ಮಾತುಕತೆ ನಡೆಯುವಾಗಲಂತೂ ಕಾಯಿಲೆಯನ್ನು ಮುಚ್ಚಿಡುವುದೇ ಹೆಚ್ಚು. ಹೀಗೆ ಕಳೆದ ತಿಂಗಳುಗಳಲ್ಲಿ ಕರುಳು ಒಳಗೊಳಗೇ ಹಾಳಾಗುತ್ತಿರುತ್ತದೆ.

ಕರುಳಿನ ದೀರ್ಘಕಾಲದ ಉರಿಯೂತದಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣು ಮಾಡುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಬರಬಹುದು. ಎರಡನ್ನೂ ಸೇರಿಸಿ ವೈದ್ಯರು 'ಐಬಿಡಿ' ಎನ್ನುತ್ತಾರೆ. ಇದು ಅಂಟುರೋಗವಲ್ಲ. ದೇಹದ ರೋಗನಿರೋಧಕ ಶಕ್ತಿ ದಾರಿತಪ್ಪಿ ಸ್ವಂತ ಕರುಳಿನ ಮೇಲೆಯೇ ತಿರುಗಿಬೀಳುವುದರಿಂದ ಬರುವ ಕಾಯಿಲೆ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್‌ನಂತೆಯೇ ಕಾಣುವುದರಿಂದ ಕೊಲೊನೋಸ್ಕೋಪಿ ಮತ್ತು ಬಯಾಪ್ಸಿ ಮಾಡಿಸಿ ಖಚಿತಪಡಿಸಿಕೊಳ್ಳುವುದು ಅಗತ್ಯ.

ನರಕ್ಕೂ ಕರುಳಿಗೂ ಏನು ಸಂಬಂಧ?

ಮೆದುಳಿನಿಂದ ಹೊರಟು ಕುತ್ತಿಗೆಯ ಎರಡೂ ಬದಿಗಳಲ್ಲಿ ಇಳಿದು ಹೃದಯ, ಶ್ವಾಸಕೋಶ, ಜಠರ, ಕರುಳುಗಳವರೆಗೆ ಹರಡಿರುವ ನರವೊಂದಿದೆ. ಅದೇ ವೇಗಸ್ ನರ. ಅದರ ಹೆಚ್ಚಿನ ಎಳೆಗಳು ಅಂಗಾಂಗಗಳ ಸುದ್ದಿಯನ್ನು ಮೆದುಳಿಗೆ ಒಯ್ಯುತ್ತವೆ, ಉಳಿದವು ಮೆದುಳಿನ ಆಜ್ಞೆಯನ್ನು ಕೆಳಗೆ ತರುತ್ತವೆ.

ಅಮೆರಿಕದ ನರಶಸ್ತ್ರಚಿಕಿತ್ಸಕ ಕೆವಿನ್ ಟ್ರೇಸಿ ಮತ್ತವರ ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗವನ್ನು 2000ದಲ್ಲಿ ಪ್ರಕಟಿಸಿದರು. ಈ ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟಾಗ ಉರಿಯೂತ ಹೆಚ್ಚಿಸುವ 'ಟಿಎನ್‌ಎಫ್' ಎಂಬ ಪ್ರೋಟೀನ್ ಕಡಿಮೆಯಾಯಿತು. ಐಬಿಡಿಗೆ ಇಂದು ಕೊಡುವ ಇನ್‌ಫ್ಲಿಕ್ಸಿಮಾಬ್‌ನಂತಹ ದುಬಾರಿ ಇಂಜೆಕ್ಷನ್‌ಗಳು ತಡೆಯುವುದೂ ಇದೇ ಟಿಎನ್‌ಎಫ್ ಅನ್ನು. ಹಾಗಾದರೆ ನರದ ಮೂಲಕವೇ ಅದನ್ನು ಹತೋಟಿಗೆ ತರಬಾರದೇಕೆ ಎಂಬ ಪ್ರಶ್ನೆ ಹುಟ್ಟಿತು.

ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಬ್ರೂನೋ ಬೊನಾಜ್ ಅವರ ತಂಡ ಇದನ್ನು ಕ್ರೋನ್ಸ್ ರೋಗಿಗಳಲ್ಲಿ ಪರೀಕ್ಷಿಸಿತು. ಎದೆಯ ಚರ್ಮದ ಕೆಳಗೆ ಬ್ಯಾಟರಿಯ ಸಣ್ಣ ಸಾಧನವನ್ನಿಟ್ಟು, ಅದರ ತಂತಿಯನ್ನು ಕುತ್ತಿಗೆಯ ಎಡಬದಿಯ ವೇಗಸ್ ನರಕ್ಕೆ ಜೋಡಿಸಲಾಯಿತು. 2016ರಲ್ಲಿ ಪ್ರಕಟವಾದ ವರದಿಯಂತೆ 7 ರೋಗಿಗಳಲ್ಲಿ 5 ಮಂದಿ ಆರು ತಿಂಗಳಲ್ಲಿ ಸುಧಾರಿಸಿದರು. ಇಬ್ಬರಿಗೆ ಕಾಯಿಲೆ ಉಲ್ಬಣಿಸಿ ಬೇರೆ ಚಿಕಿತ್ಸೆ ಕೊಡಬೇಕಾಯಿತು.

ಇಲ್ಲಿ ಒಂದು ಮಾತು ನೆನಪಿಡಿ. ಏಳು ಮಂದಿ ಎಂದರೆ ಬಹಳ ಚಿಕ್ಕ ಸಂಖ್ಯೆ. ಸಾಧನವನ್ನು ಚಾಲೂ ಮಾಡದೆ ಹೋಲಿಸಿ ನೋಡಿದ ಗುಂಪೂ ಅಲ್ಲಿರಲಿಲ್ಲ. ವೇಗಸ್ ನರದ ಸಾಧನವನ್ನು ಅಮೆರಿಕದಲ್ಲಿ 1997ರಿಂದ ಅಪಸ್ಮಾರಕ್ಕೆ ಬಳಸುತ್ತಿದ್ದಾರೆ. 2025ರಲ್ಲಿ ರುಮಟಾಯಿಡ್ ಸಂಧಿವಾತಕ್ಕೂ ಅಂತಹ ಒಂದು ಸಾಧನಕ್ಕೆ ಅಲ್ಲಿ ಅನುಮತಿ ಸಿಕ್ಕಿತು. ಆದರೆ ಕರುಳಿನ ಉರಿಯೂತಕ್ಕೆ ಇದಿನ್ನೂ ಸಂಶೋಧನೆಯ ಹಂತದಲ್ಲಿಯೇ ಇದೆ. ಧ್ವನಿ ಒಡೆಯುವುದು, ಕೆಮ್ಮು, ಶಸ್ತ್ರಚಿಕಿತ್ಸೆಯ ಗಾಯಕ್ಕೆ ಸೋಂಕು ತಗಲುವುದು ಇದರ ತೊಂದರೆಗಳು.

ಕಿವಿಯ ಹಾಲೆಯಲ್ಲಿಯೂ ಈ ನರದ ಒಂದು ಕವಲಿದೆ. ಶಸ್ತ್ರಚಿಕಿತ್ಸೆಯಿಲ್ಲದೆ ಅಲ್ಲಿಂದಲೇ ಪ್ರಚೋದಿಸುವ ಸಾಧನಗಳ ಮೇಲೂ ಪ್ರಯೋಗಗಳು ನಡೆದಿವೆ. ಇದನ್ನೇ ನೆಪವಾಗಿಟ್ಟು 'ಕಿವಿಗೆ ಸಿಕ್ಕಿಸಿದರೆ ಸಾಕು, ಔಷಧಿ ಬೇಡ' ಎಂದು ಯಾರಾದರೂ ಮಾರಲು ಬಂದರೆ ಮೋಸಹೋಗಬೇಡಿ. ಹೃದಯದ ಕಾಯಿಲೆ ಅಥವಾ ಪೇಸ್‌ಮೇಕರ್ ಇರುವವರು ಇಂತಹ ಸಾಧನವನ್ನು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ನೀವು ಈಗ ಮಾಡಬೇಕಾದುದು

● ಹಾಯೆನಿಸಿತೆಂದು ಔಷಧಿ ನಿಲ್ಲಿಸಬೇಡಿ. ಸ್ಟಿರಾಯ್ಡ್ ಮಾತ್ರೆಯನ್ನು ಹಠಾತ್ತನೆ ಬಿಡುವುದು ಜೀವಕ್ಕೇ ಅಪಾಯ.

● ಐಬುಪ್ರೊಫೇನ್‌ನಂತಹ ನೋವಿನ ಮಾತ್ರೆಗಳನ್ನು ಸ್ವತಃ ಕೊಂಡು ನುಂಗಬೇಡಿ. ಅವು ಕಾಯಿಲೆಯನ್ನು ಕೆರಳಿಸಬಹುದು.

● ಧೂಮಪಾನ ಬಿಡಿ. ಕ್ರೋನ್ಸ್ ಅದರಿಂದ ಹೆಚ್ಚುತ್ತದೆ.

● ದೊಡ್ಡ ಕರುಳಿನ ಕಾಯಿಲೆ ಎಂಟು-ಹತ್ತು ವರ್ಷ ಹಳೆಯದಾಗಿದ್ದರೆ ಕ್ಯಾನ್ಸರ್ ತಪಾಸಣೆಗೆ ವೈದ್ಯರು ಹೇಳಿದಾಗ ಕೊಲೊನೋಸ್ಕೋಪಿ ಮಾಡಿಸಿ.

● ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಾಣಿರಿ. ಕಾಯಿಲೆ ಹತೋಟಿಯಲ್ಲಿದ್ದರೆ ಔಷಧಿಯನ್ನು ಸಹರಿ ಮತ್ತು ಇಫ್ತಾರ್‌ನ ವೇಳೆಗೆ ಹೊಂದಿಸಬಹುದೇ ಎಂದು ಕೇಳಿ. ಭೇದಿ, ರಕ್ತಸ್ರಾವ ಇರುವಾಗ ಹಟದಿಂದ ಉಪವಾಸ ಹಿಡಿಯಬೇಡಿ. ರೋಗಿಗೆ ಉಪವಾಸವನ್ನು ಮುಂದಕ್ಕೆ ಹಾಕುವ ರಿಯಾಯಿತಿಯನ್ನು ಕುರ್‌ಆನ್ ಅಲ್‌ಬಕರ ಅಧ್ಯಾಯದಲ್ಲಿ ಕೊಟ್ಟಿದೆ.

● ವುಝೂ ನಿಲ್ಲದಷ್ಟು ತೊಂದರೆಯಿದ್ದರೆ ನಮಾಝನ್ನೇ ಬಿಟ್ಟು ಕೊರಗಬೇಡಿ. ಅಂಥವರಿಗೂ ಶರೀಅತ್‌ನಲ್ಲಿ ದಾರಿಯಿದೆ, ಬಲ್ಲ ಉಲಮಾರನ್ನು ಕೇಳಿ.

ಒಂಟೆಯನ್ನು ಕಟ್ಟಿದ ಮೇಲೆಯೇ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ನರದ ಚಿಕಿತ್ಸೆ ನಾಳೆ ನಿಮ್ಮ ಊರಿಗೂ ಬರಬಹುದು. ಅದು ಬರುವಾಗ ನಿಮ್ಮ ಕರುಳು ಉಳಿದಿರಬೇಕಾದರೆ ಇಂದಿನ ಔಷಧಿಯನ್ನು ಇಂದೇ ತೆಗೆದುಕೊಳ್ಳಿ. ಮನೆಯವರು ರೋಗಿಯನ್ನು ಗೇಲಿ ಮಾಡದೆ, ಅವರ ಸಂಕಟವನ್ನು ಕೇಳಿಸಿಕೊಳ್ಳಿ. ಆಸ್ಪತ್ರೆಗೆ ಹೊರಡುವಾಗ ಜೊತೆಗೊಬ್ಬರು ಹೋಗಿ.