ಎರಡು ನಾಲಿಗೆಯವನ ಪಾಡು

ಗಡಿಯಲ್ಲಿ ಹುಟ್ಟಿದವನಿಗೆ ಎರಡು ನಾಲಿಗೆ. ನನಗೆ ಸಂತೆಯ ಮಾತು ತೆಲುಗು, ಮನೆಯ ಮಾತು ಕನ್ನಡ. ಪದ್ಯ ಎರಡರಲ್ಲೂ. ಇದೊಂದು ಹೆಮ್ಮೆ ಅಂದುಕೊಂಡಿದ್ದವನಿಗೆ ಕಲ್ಯಾಣದುರ್ಗದಲ್ಲಿ ನೋಡಿದ 'ದ್ರೋಹಿ' ಸಿನಿಮಾ ಭಯ ಹುಟ್ಟಿಸಿತು.

1995ರಲ್ಲಿ ಪಿ.ಸಿ. ಶ್ರೀರಾಮ್ ತಮಿಳಿನಲ್ಲಿ ತೆಗೆದ 'ಕುರುದಿಪುನಲ್' ತೆಲುಗಿಗೆ ಬಂದಾಗಿನ ಹೆಸರು ಅದು. ಮೂಲ, ಗೋವಿಂದ ನಿಹಲಾನಿಯವರ ಹಿಂದಿ 'ದ್ರೋಹ್‌ಕಾಲ್' (1994). ಹಾಡಿಲ್ಲ, ಕುಣಿತವಿಲ್ಲ. ಕಮಲಹಾಸನ್ ಜೊತೆಗೆ ನಮ್ಮ ಮಧುಗಿರಿಯ ಅರ್ಜುನ್ ಸರ್ಜಾ, ನಟ ಶಕ್ತಿಪ್ರಸಾದರ ಮಗ. ಇಬ್ಬರು ಪೊಲೀಸ್ ಅಧಿಕಾರಿಗಳು ಭೂಗತ ಗುಂಪಿನೊಳಕ್ಕೆ ತಮ್ಮವರನ್ನು ನುಗ್ಗಿಸುತ್ತಾರೆ. ಗುಂಪಿನ ನಾಯಕನೂ ಸುಮ್ಮನಿರೋನಲ್ಲ. ಹೆಂಡತಿ ಮಕ್ಕಳ ಭಯ ತೋರಿಸಿ ಒಬ್ಬ ಅಧಿಕಾರಿಯನ್ನೇ ಬಗ್ಗಿಸುತ್ತಾನೆ. ಕೊನೆಗೆ ಒಳಗಿರುವವನ ಗುಟ್ಟು ಉಳಿಯಲೆಂದು ಆ ಅಧಿಕಾರಿ ಅವನ ಕೈಯಲ್ಲೇ ಸಾಯುತ್ತಾನೆ.

ಆ ಕಥೆ ನಮ್ಮ ಬಾಗಿಲಿಗೇ ಬಂದದ್ದು 2005ರಲ್ಲಿ. ಫೆಬ್ರವರಿ 6ರಂದು ಚಿಕ್ಕಮಗಳೂರು ಕಾಡಿನಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ. ನಾಲ್ಕೇ ದಿನಕ್ಕೆ, 10ರ ರಾತ್ರಿ, ಪಕ್ಕದ ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿದ್ದ ಕೆಎಸ್‌ಆರ್‌ಪಿ ಕ್ಯಾಂಪಿನ ಮೇಲೆ ನಕ್ಸಲೀಯರು ಬಿದ್ದರು. ಪೊಲೀಸರು ಹೆಣವಾದರು.

ಆ ತಿಂಗಳೇ ನಾನು ಕಡ್ಲೆಕಾಯಿ ಹೇರಿಕೊಂಡು ಪಾವಗಡಕ್ಕೆ ಹೊರಟೆ. ದಾರೀಲಿ ತಡೆದರು.

"ಯಾವೂರಯ್ಯಾ?"

"ಕಂಬದೂರು ಸಾಮಿ."

"ಆಂಧ್ರದವನಿಗೆ ಇಷ್ಟು ಕನ್ನಡ ಎಲ್ಲಿಂದ ಬಂತು?"

ಜೇಬಿನಲ್ಲಿ ಪದ್ಯದ ನೋಟುಬುಕ್ಕು. ಒಂದು ಹಾಳೆ ತೆಲುಗು, ಒಂದು ಹಾಳೆ ಕನ್ನಡ. ಒಂದೊಂದೇ ತಿರುವಿ ಕೇಳಿದರು, ಒಂದು ಗಂಟೆ ಹೊತ್ತು. ಕೊನೆಗೆ ನಕ್ಕು ಬಿಟ್ಟರು.

ನಾನು ಊರು ಸೇರೋದಕ್ಕೆ ಮುಂಚೆ ಸುದ್ದಿ ಸೇರಿತ್ತು: "ಪೊಲೀಸರ ಜತೆ ಗಂಟೆಗಟ್ಲೆ ಮಾತಾಡ್ದನಂತೆ." ಅರಳಿಕಟ್ಟೆ ಮೇಲೆ ನಾನು ಕೂತರೆ ಮಾತು ನಿಲ್ಲುತ್ತಿತ್ತು. ಅಲ್ಲಿ ನಕ್ಸಲನ ಅನುಮಾನ, ಇಲ್ಲಿ ಇನ್‌ಫಾರ್ಮರ್ ಎಂಬ ಪಿಸುಮಾತು. ಇದು ಬರೀ ಅವಮಾನವಲ್ಲ ಸಾಮಿ. ಆ ಹೆಸರು ಬಿದ್ದವರನ್ನು ನಕ್ಸಲೀಯರು ಕೊಂದ ಉದಾಹರಣೆ ಆಂಧ್ರದಲ್ಲಿ ಬೇಕಾದಷ್ಟಿದ್ದವು. ಎಷ್ಟೋ ರಾತ್ರಿ ನನ್ನಾಕೆ ನಿದ್ದೆ ಮಾಡಲಿಲ್ಲ. ನಾಯಿ ಬೊಗಳಿದರೆ ದೀಪ ಆರಿಸುತ್ತಿದ್ದಳು.

ಸಿನಿಮಾದಲ್ಲಿ ಗೂಢಚಾರ ಬೇಕೆಂದೇ ಎರಡು ಮುಖ ಇಟ್ಟುಕೊಳ್ಳುತ್ತಾನೆ. ನಮಗೆ ಇರೋದು ಒಂದೇ ಮುಖ. ನೋಡೋರ ಭಯ ಅದನ್ನು ಎರಡು ಮಾಡುತ್ತೆ.

ಒಂದು ಸಂಜೆ ನೆರೆಮನೆಯ ಹಿರಿಯರು ಬಂದರು. "ಪಾವಗಡದ ಸಾವ್ಕಾರ ಲೆಕ್ಕ ತಪ್ಪಿಸವ್ನೆ. ಕನ್ನಡದಾಗೆ ಒಂದು ಕಾಗದ ಬರ್ಕೊಡಪ್ಪಾ." ಬರೆದುಕೊಟ್ಟೆ. ಮಾರನೇ ದಿನ ಕಟ್ಟೆ ಮೇಲೆ ಅವರೇ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

2025ರ ಜನವರಿಯಲ್ಲಿ ಆರು ನಕ್ಸಲೀಯರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದ ಸುದ್ದಿ ಓದಿದಾಗ ಆ ನೋಟುಬುಕ್ಕು ಹುಡುಕಿ ತೆಗೆದೆ. ಹಾಳೆ ಮೇಲೆ ಆವತ್ತಿನ ಬೆರಳ ಗುರುತು ಇನ್ನೂ ಇದೆ.