ಬೇಸಾಯದ ವಿಡಿಯೊಗೆ ಧ್ವನಿ ಸಿದ್ಧಪಡಿಸುವ ಕ್ರಮ

ಎಮ್ಮಿಗನೂರು, ಕಂಪ್ಲಿ ಸುತ್ತಿನ ಭತ್ತದ ಗದ್ದೆಗಳಲ್ಲಿ ನಾಟಿ, ಗೊಬ್ಬರ ಹಾಗೂ ಸಸ್ಯ ಸಂರಕ್ಷಣೆಯ ಕ್ರಮಗಳನ್ನು ಮೊಬೈಲಿನಲ್ಲಿ ಚಿತ್ರಿಸಿ ಇತರ ರೈತರಿಗೆ ತೋರಿಸುವುದು ಈಗ ಸುಲಭವಾಗಿದೆ. ಆದರೆ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಮಾತು ತಪ್ಪಾಗಿ ಕೇಳಿಸಿದರೆ ಹಾನಿಯೇ ಹೆಚ್ಚು. ಪಂಪ್‌ಸೆಟ್ಟಿನ ಸದ್ದಿನಲ್ಲಿ 'ಹದಿನೈದು ಮಿಲಿಲೀಟರ್' ಎಂಬುದು 'ಇಪ್ಪತ್ತೈದು' ಎಂದು ಕೇಳಿಸಿದರೆ ಔಷಧಿಯ ಖರ್ಚು ಏರುತ್ತದೆ. ಬೆಳೆಗೂ ಸಿಂಪಡಿಸುವವರಿಗೂ ಅಪಾಯವಾಗುತ್ತದೆ. ಬಿತ್ತನೆಗೆ ಮುಂಚೆ ಭೂಮಿಯನ್ನು ಹದ ಮಾಡುವಂತೆ, ವಿಡಿಯೊ ಜೋಡಣೆಗೆ ಮುಂಚೆ ಧ್ವನಿಯನ್ನು ಹದ ಮಾಡಿಕೊಳ್ಳುವುದು ಅವಶ್ಯಕ.

ಮುದ್ರಣ: ದೂರ ಎರಡರಷ್ಟಾದರೆ ಧ್ವನಿಯ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದ ಮಾತನಾಡುವವರ ಬಾಯಿಯಿಂದ ಸುಮಾರು ಒಂದು ಗೇಣು ದೂರದಲ್ಲಿ ಮೈಕು ಇಲ್ಲವೇ ಇನ್ನೊಂದು ಮೊಬೈಲು ಇಟ್ಟು ಧ್ವನಿಯನ್ನು ಪ್ರತ್ಯೇಕವಾಗಿ ಮುದ್ರಿಸುವುದು ಉತ್ತಮ. ಗಾಳಿಗೆ ಬೆನ್ನು ಮಾಡಿ ನಿಲ್ಲಬೇಕು. ಮೈಕಿಗೆ ಸ್ಪಂಜಿನ ಹೊದಿಕೆ ಇರಲಿ. ಧ್ವನಿಮಟ್ಟದ ಮುಳ್ಳು ಸೊನ್ನೆ ಡೆಸಿಬೆಲ್ ಮುಟ್ಟದೆ, ಮೈನಸ್ 12ರ ಆಸುಪಾಸಿನಲ್ಲಿ ಆಡುತ್ತಿರಬೇಕು. ಮಿತಿ ಮೀರಿ ಒಡೆದ ಧ್ವನಿಯನ್ನು ಪೂರ್ತಿಯಾಗಿ ಸರಿಪಡಿಸಲು ಆಗದು. ಆರಂಭದಲ್ಲಿ ಹತ್ತು ಸೆಕೆಂಡು ಯಾರೂ ಮಾತನಾಡದೆ ಸುತ್ತಲಿನ ಸದ್ದನ್ನಷ್ಟೇ ಮುದ್ರಿಸಿ, ಅನಂತರ ಕ್ಯಾಮರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಬೇಕು.

ಫೈಲಿನ ರೂಪ: ವಾಟ್ಸ್‌ಆ್ಯಪಿನ ಧ್ವನಿ ಸಂದೇಶದಲ್ಲಿ ಧ್ವನಿ ಸಂಕುಚಿತಗೊಂಡು ಗುಣಮಟ್ಟ ಕುಗ್ಗುತ್ತದೆ. ಮುದ್ರಿಸಿದ ಫೈಲನ್ನು ಕೇಬಲಿನ ಮೂಲಕ ಅಥವಾ 'ಡಾಕ್ಯುಮೆಂಟ್' ರೂಪದಲ್ಲಿ ಸಾಗಿಸಬೇಕು. ಸಾಧ್ಯವಿದ್ದರೆ ಮೊದಲಿನಿಂದಲೇ ವೇವ್ ರೂಪದಲ್ಲಿ, 48 ಕಿಲೋಹರ್ಟ್ಸ್, 16 ಬಿಟ್, ಮೋನೊ ಎಂದು ಆಯ್ದು ಮುದ್ರಿಸಬೇಕು. ವಿಡಿಯೊಗೆ ರೂಢಿಯಲ್ಲಿರುವುದು 48 ಕಿಲೋಹರ್ಟ್ಸ್, ಸಂಗೀತದ ಸಿ.ಡಿ.ಗಳದ್ದು 44.1. ಇಂತಹ ಫೈಲಿಗೆ ನಿಮಿಷಕ್ಕೆ ಸುಮಾರು 6 ಮೆಗಾಬೈಟ್ ಸ್ಥಳ ಬೇಕಾಗುತ್ತದೆ. ಎಂಪಿ3 ಫೈಲನ್ನು ವೇವ್‌ಗೆ ಬದಲಿಸಿದರೆ ಜೋಡಣೆ ಸುಲಭವಾಗುವುದೇ ಹೊರತು ಕಳೆದುಹೋದ ಗುಣ ಮರಳಿ ಬಾರದು.

ಸದ್ದು ತೆಗೆಯುವುದು: ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಈ ಕೆಲಸ ಮಾಡಬಹುದು. ಮೂಲ ಫೈಲಿನ ಪ್ರತಿಯೊಂದನ್ನು ತೆಗೆದಿಟ್ಟ ನಂತರವೇ ಆರಂಭಿಸಬೇಕು. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯನ್ನು ಕಡಿತಗೊಳಿಸಿದರೆ ಗಾಳಿಯ ಗುಡುಗು ತಗ್ಗುತ್ತದೆ. ಹತ್ತು ಸೆಕೆಂಡಿನ ಮಾತಿಲ್ಲದ ಭಾಗವನ್ನು ಮಾದರಿಯಾಗಿ ಕೊಟ್ಟರೆ ತಂತ್ರಾಂಶವು ಪಂಪಿನ ಸದ್ದನ್ನು ಗುರುತಿಸಿ ಕಡಿಮೆ ಮಾಡುತ್ತದೆ. ಇದನ್ನು ಮಿತವಾಗಿ ಬಳಸಬೇಕು. ಅತಿಯಾದರೆ ಅಕ್ಷರಗಳೂ ಸವೆಯುತ್ತವೆ.

ಚಿತ್ರಕ್ಕೆ ಹೊಂದಿಸುವುದು: ಧ್ವನಿಯ ಗೆರೆಯಲ್ಲಿ ಚಪ್ಪಾಳೆಯು ಮೊನೆಯಂತೆ ಎದ್ದು ಕಾಣುತ್ತದೆ. ಅದನ್ನು ಕೈಗಳು ಕೂಡುವ ಚಿತ್ರಕ್ಕೆ ಸೇರಿಸಿದರೆ ಮಾತು ತುಟಿಗೆ ಹೊಂದುತ್ತದೆ. ಅನೇಕ ಮೊಬೈಲುಗಳಲ್ಲಿ ಚಿತ್ರದ ವೇಗ ಏಕರೂಪವಾಗಿರದ ಕಾರಣ, ದೀರ್ಘ ದೃಶ್ಯದ ಕೊನೆಯಲ್ಲಿಯೂ ಹೊಂದಾಣಿಕೆಯನ್ನು ನೋಡಬೇಕು.

ಎರಡು ಭಾಷೆಗೆ ಒಂದೇ ಚಿತ್ರ: 1975-76ರ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ಒಂದೇ ಚಿತ್ರದೊಡನೆ ಎರಡು ಧ್ವನಿಗಳನ್ನು ಕಳುಹಿಸುವ ವ್ಯವಸ್ಥೆಯಿತ್ತು. ಕರ್ನಾಟಕವೂ ಆ ಪ್ರಯೋಗಕ್ಕೆ ಸೇರಿತ್ತು. ತೆಲುಗು ಮಾತನಾಡುವ ರೈತರೂ ಇರುವ ಈ ಭಾಗದಲ್ಲಿ ಅದೇ ಕ್ರಮ ಉಪಯುಕ್ತ. ಕನ್ನಡ, ತೆಲುಗು ವಿವರಣೆಗಳನ್ನು ಬೇರೆ ಬೇರೆ ಫೈಲುಗಳಲ್ಲಿಟ್ಟು, ವಿಷಯ ಮತ್ತು ದಿನಾಂಕವನ್ನು ಹೆಸರಿನಲ್ಲಿಯೇ ಬರೆದಿಡಬೇಕು.

ಕೊನೆಯ ಪರೀಕ್ಷೆ: ಸಿದ್ಧವಾದ ವಿಡಿಯೊದ ಧ್ವನಿಯನ್ನು ಸಾಧಾರಣ ಮೊಬೈಲಿನಲ್ಲಿ, ವಿಷಯ ತಿಳಿಯದ ಒಬ್ಬರಿಗೆ ಚಿತ್ರ ತೋರಿಸದೆ ಕೇಳಿಸಿ, ಅಳತೆಗಳನ್ನೆಲ್ಲ ಬರೆಯಲು ಹೇಳಬೇಕು. ಒಂದು ಅಂಕಿ ತಪ್ಪಿದರೂ ಆ ವಾಕ್ಯವನ್ನು ಮತ್ತೆ ಮುದ್ರಿಸತಕ್ಕದ್ದು. ಔಷಧಿಯ ಪ್ರಮಾಣವನ್ನು ಚಿತ್ರದ ಮೇಲೂ ದಪ್ಪ ಅಕ್ಷರಗಳಲ್ಲಿ ತೋರಿಸಿದಲ್ಲಿ ತಪ್ಪಿಗೆ ಆಸ್ಪದವಿರುವುದಿಲ್ಲ.